ಚಿತ್ರದ ನಾಯಿಗೆ ನಮಸ್ಕಾರ

ಮೂರು ವರ್ಷದ ಮೊಮ್ಮಗನಿಗೆ ನನ್ನ ಮಗ ಒಂದು ಚಿತ್ರದ ಪುಸ್ತಕ ತಂದುಕೊಟ್ಟಿದ್ದಾನೆ. ದಪ್ಪ ರಟ್ಟಿನ ಹಾಳೆ, ಎಲ್ಲ ಪುಟದಲ್ಲೂ ನಾಯಿ. ಸೋಫಾ ಮೇಲೆ ನಾಯಿ, ಬಚ್ಚಲಲ್ಲಿ ನಾಯಿ, ಮಗುವಿನ ಪಕ್ಕ ಚಾದರ ಹೊದ್ದು ಮಲಗಿದ ನಾಯಿ. ನಾಯಿಗೆ ಚಾದರ ಹೊದಿಸುವ ಮನೆ ಯಾವ ಊರಲ್ಲಿದೆಯೋ ಎಂದು ನಾನು ಗೊಣಗಿದ್ದುಂಟು. ನಮ್ಮಲ್ಲಿ ನಾಯಿಗೆ ಹೊಸ್ತಿಲಾಚೆ ರೊಟ್ಟಿ, ಅಷ್ಟೇ.

ಅಮರಗೋಳದ ಮಾರ್ಕೆಟ್ಟಿನಲ್ಲಿ ನನ್ನದು ಕಾಳಿನ ದಲಾಲಿ ಅಂಗಡಿ. ಅಲ್ಲೊಂದು ಕಂದು ನಾಯಿಯಿದೆ. ಯಾರೂ ಸಾಕಿದ್ದಲ್ಲ. ರಾತ್ರಿ ಚೀಲಗಳ ಮೇಲೆ ಅದು ಮಲಗುತ್ತದೆಂದೇ ಮನೆಯಲ್ಲಿ ನನಗೆ ನಿದ್ದೆ ಹತ್ತುತ್ತದೆ. ಹೋದ ವಾರ ಸೊಸೆ ಸತ್ತೂರಿನ ಆಸ್ಪತ್ರೆಗೆ ಹೋಗಬೇಕಿತ್ತು, ಹುಡುಗನನ್ನು ಅಂಗಡಿಗೆ ಕರೆದೊಯ್ದೆ. ಅವನು ನಾಯಿಯ ಮುಂದೆ ಕೂತು, ಪುಸ್ತಕ ತೆರೆದು, ಇದು ನೀನು, ಇದೂ ನೀನು ಎಂದು ತೋರಿಸತೊಡಗಿದ. ನಾಯಿ ಅವನ ತೊಡೆಯ ಮೇಲೆ ಮೂತಿಯಿಟ್ಟು ನೋಡುತ್ತಿತ್ತು. ನನಗೂ ಒಳಗೊಳಗೇ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಹೆಸರುಕಾಳಿನ ಹರಾಜಿಗೆ ಬಂದಿದ್ದ ದೊಡ್ಡ ಖರೀದಿದಾರರೊಬ್ಬರು, "ಏನ್ರಿ ಸಾವಕಾರ್ರ, ನಾಯಿಗೂ ಸಾಲಿ ತಗದೀರೇನು?" ಎಂದರು. ಅಂಗಡಿಯ ಗಾದಿಯ ಮೇಲೆ ಕೂತಿದ್ದ ವ್ಯಾಪಾರಿಗಳೆಲ್ಲ ನಕ್ಕರು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಖರೀದಿದಾರರ ಮೇಲೆ ಹೋಗುವ ಧೈರ್ಯ ಅದಕ್ಕೆಲ್ಲಿ? ಎದ್ದು ಹೋಗಿ, ಹಚ್ ಎಂದು ನಾಯಿಯ ಪಕ್ಕೆಗೆ ಒದ್ದೆ. ಅದು ಕುಂಯ್‌ಗುಡುತ್ತ ಚೀಲಗಳ ಹಿಂದೆ ಸರಿಯಿತು. ಹುಡುಗ ಅಳಲಿಲ್ಲ, ನನ್ನ ಕಾಲನ್ನೇ ನೋಡಿದ.

ಸಂಜೆ ಮನೆಯ ಪಡಸಾಲೆಯಲ್ಲಿ ಅವನು ಪುಸ್ತಕವನ್ನು ನೆಲದ ಮೇಲೆ ತೆರೆದಿಟ್ಟು, ಎದ್ದು ನಿಂತು, ಹಚ್ ಎನ್ನುತ್ತ ಚಿತ್ರದ ನಾಯಿಗೆ ಒದ್ದ. ಒದ್ದು ನನ್ನ ಮುಖ ನೋಡಿದ, ಶಾಭಾಸ್ ಅನ್ನಲೆಂದು. ಸೊಸೆಗೆ ಕಂಡದ್ದು ಪುಸ್ತಕಕ್ಕೆ ತಾಗಿದ ಕಾಲು ಮಾತ್ರ. ಸರಸ್ವತಿಗೆ ಕಾಲು ಹಚ್ಚಬಾರದೆಂದು ಗದರಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೇಳಿದಳು. ಅವನು ನಾಯಿಯ ಪಕ್ಕೆಯನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ನನ್ನ ಬೆರಳು ಹಿಡಿದು ಎಳೆದ.

"ಅಜ್ಜಾ, ನೀನೂ ಮಾಡು. ನೀನೂ ಒದ್ದಿ."

ಸೊಸೆ ನನ್ನತ್ತ ನೋಡಿ ಒಳಗೆ ಹೋದಳು. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಬೇಗ ಮುಗಿದರೆ ಸಾಕೆಂದು ಬಗ್ಗಿ ಪುಸ್ತಕ ಮುಟ್ಟಲು ಹೋದೆ. ಅವನು ಅದನ್ನು ಹಿಂದಕ್ಕೆಳೆದುಕೊಂಡ.

"ಇದಕ್ಕಲ್ಲ. ಅಂಗಡ್ಯಾಗಿನ ನಾಯಿಗಿ."

ನಾಳೆ ಮಾಡುತ್ತೇನೆಂದೆ. ಮರುದಿನ ನಾಯಿ ಎಂದಿನಂತೆ ಬಾಲ ಅಲ್ಲಾಡಿಸುತ್ತ ನನ್ನ ಕಾಲ ಬಳಿಗೇ ಬಂತು. ಬಗ್ಗಿ ಕೈ ಚಾಚಿದೆ. ಗಾದಿಯ ಮೇಲೆ ಜನ ಕೂತಿದ್ದರು. ಚಾಚಿದ ಕೈಯನ್ನು ಪಕ್ಕದ ಚೀಲಕ್ಕೆ ಹಾಕಿ, ಕಾಳು ನೋಡುವವನಂತೆ ನಟಿಸಿದೆ.

ಸಂಜೆ ಅವನು ಬಾಗಿಲಲ್ಲೇ ಕಾಯುತ್ತಿದ್ದ. "ಮಾಡಿದೇನು, ಅಜ್ಜಾ?"

ಹೂಂ ಎಂದೆ. ಅವನು ನಂಬಿದ. ಪುಸ್ತಕ ತಂದು ನನ್ನ ತೊಡೆಯೇರಿ ಕೂತ.