ಹುಸೇನಬಿ ಚಾಚಿದ ಬೆರಳು

ನಿನ್ನ ಕ್ಯಾಮೆರಾ ಸುಳ್ಳು ಹೇಳಲಿಲ್ಲ, ಸಾವಿತ್ರಿ. ಸುಳ್ಳು ಹೇಳಿದವಳು ನಾನು. ಹುಸೇನಬಿಯ ರಕ್ತವನ್ನು ನಾನು ಪರೀಕ್ಷೆ ಮಾಡಲೇ ಇಲ್ಲ — ಮಾಡಿದೆ ಎಂದೆ.

ಬೋನಾಳದಲ್ಲಿ ಹನ್ನೆರಡು ವರ್ಷ ಮನೆಮನೆ ತಿರುಗಿ, ಬೆರಳು ಚುಚ್ಚಿ ಸಕ್ಕರೆ ಕಾಯಿಲೆ ಪತ್ತೆ ಮಾಡಿದವಳು ನಾನು. ನನ್ನನ್ನು ಕಂಡರೆ ಹೆಂಗಸರು ಕೈಯನ್ನು ಸೆರಗಿನಲ್ಲಿ ಬಚ್ಚಿಡುತ್ತಿದ್ದರು. ಸೂಜಿ ಶಾಂತಮ್ಮ ಎಂಬ ಹೆಸರು ಬೇರೆ. ನೀನು ಕಣ್ಣು ತಪಾಸಣೆಯ ಕ್ಯಾಮೆರಾ ಹಿಡಿದು ಸುರಪುರದಿಂದ ಬಂದದ್ದು ರಂಜಾನ್ ತಿಂಗಳಲ್ಲಿ. ರೋಜಾ ಉಪವಾಸ ಇದ್ದವರು ರಕ್ತ ಕೊಡಲು ಹಿಂಜರಿಯುತ್ತಾರೆ; ನಿನಗೆ ಹನಿ ರಕ್ತವೂ ಬೇಡ, ಕಣ್ಣಿನೊಳಗಿನ ಫೋಟೋ ಸಾಕು. ಇಡೀ ಓಣಿ ನಿನ್ನ ಮುಂದೆ ಸಾಲುಗಟ್ಟಿತು. ನಿನ್ನೆ ಮೊನ್ನೆ ಬಂದವಳು — ಹೊಟ್ಟೆ ಉರಿಯಿತು, ಏಕೆ ಮುಚ್ಚಿಡಲಿ?

ಬಟ್ಟೆ ಹೊಲಿಯುವ ಹುಸೇನಬಿಯ ಕಣ್ಣಿನ ಫೋಟೋದಲ್ಲಿ ಕಂಡದ್ದನ್ನು ಬರೆದ ಚೀಟಿಯನ್ನು ನನ್ನ ಕೈಗಿಟ್ಟು ನೀನು ಹೇಳಿದೆ, "ಅಕ್ಕಾರ, ಇವರ ಕಣ್ಣಾಗ ಸಕ್ಕರಿ ಕಾಯಿಲೆ ಗುರುತು ಕಾಣಾಕತ್ತದ. ಹಬ್ಬ ಆದಮ್ಯಾಲ ರಕ್ತ ನೋಡ್ರಿ, ಮರೀಬ್ಯಾಡ್ರಿ." ನನಗೇ ಪಾಠ ಹೇಳುತ್ತಾಳಲ್ಲ ಎನಿಸಿತು. ಮರೆಯಲಿಲ್ಲ. ಮರೆತಿದ್ದರೆ ಬೇರೆ ಮಾತು...

ಹಬ್ಬದ ಮರುದಿನ ಹುಸೇನಬಿ ತಾನೇ ನನ್ನ ಮನೆಗೆ ಬಂದಳು, ಡಬ್ಬಿ ತುಂಬ ಹಾಲು-ಶಾವಿಗೆಯ ಸಿಹಿ ಸುರಕುಂಬಾ ತಂದು. ಬೆರಳು ಚಾಚಿ ಕುಳಿತಳು. ಹನ್ನೆರಡು ವರ್ಷದಲ್ಲಿ ಕರೆಯದೆ ಬಂದು ಬೆರಳು ಕೊಟ್ಟವಳು ಆಕೆಯೊಬ್ಬಳೇ — ಅದೂ ನಿನ್ನ ಮಾತಿಗೆ. ಚುಚ್ಚಿದರೆ ನೀನು ಹೇಳಿದ್ದೇ ನಿಜವಾದೀತು.

"ಬ್ಯಾಡ ಬಿಡವ," ಎಂದೆ. "ಆ ಮಷೀನ್ ಸುಮ್ನ ಹೆದರಿಸ್ತದ. ನಿನಗೇನೂ ಆಗಿಲ್ಲ."

ಆಕೆ ನಕ್ಕು, ಅಲ್ಲೇ ಕುಳಿತು ಒಂದು ಬಟ್ಟಲು ಸುರಕುಂಬಾ ಕುಡಿದಳು. ನಾನೂ ಕುಡಿದೆ. ನಿನಗೆ ಮಾತ್ರ, ರಕ್ತ ನೋಡಿದೆ, ಏನೂ ಇಲ್ಲ ಎಂದೆ. ನಿನ್ನ ಮುಖ ಸಣ್ಣದಾದದ್ದು ಕಂಡು ಆ ದಿನ ಸುಖವಾಗಿ ಉಂಡೆ.

ಎರಡು ವರ್ಷವಾಯಿತು. ಹುಸೇನಬಿಯ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣು ಮಬ್ಬು. ಹೊಲಿಗೆ ಮಷೀನಿಗೆ ಚಾದರ ಹೊದಿಸಿದ್ದಾಳೆ. ಸಕ್ಕರೆ ಕಾಯಿಲೆ ಒಳಗೊಳಗೇ ಕಣ್ಣು ತಿಂದಿದೆ, ತಡವಾಗಿ ಬಂದಿರಿ ಎಂದರಂತೆ ಡಾಕ್ಟರು. ಮೊನ್ನೆ ನೀನು ಕೇಳಿದೆ, "ಅಕ್ಕಾರ, ಅವಾಗ ರಕ್ತ ಛಲೋ ಇತ್ತಲ್ರಿ?" ಸಂಶಯದಿಂದಲ್ಲ — ನನ್ನ ಸೂಜಿಯ ಮೇಲೆ ನಿನಗಿದ್ದ ನಂಬಿಕೆಯಿಂದ. ಇತ್ತು ಎಂದೆ, ಮತ್ತೊಮ್ಮೆ.

ನಿನ್ನ ಚೀಟಿ ಇನ್ನೂ ನನ್ನ ಚೀಲದಲ್ಲಿದೆ. ನಾಳೆ ಹುಸೇನಬಿಯ ಮನೆಗೆ ನೀನೂ ಬಾ. ಆಕೆಗೆ ಈಗ ಅಕ್ಷರ ಕಾಣುವುದಿಲ್ಲ. ನಿನ್ನ ಎದುರು, ನಾನೇ ಓದಿ ಹೇಳುತ್ತೇನೆ.