ಹಲಸಿನ ಮರದ ಎಂಟನೇ ಹೆಸರು

ಬೆಳಗಿನ ಐದೂಮುಕ್ಕಾಲು. ಸಿದ್ದಾಪುರದಿಂದ ಒಳಕ್ಕಿರುವ ಕಾಫಿ ತೋಟ. ಈ ಮಂಜಿನಲ್ಲಿ ಹಲಸಿನ ಮರಕ್ಕೆ ಬುಡವಿದೆ, ತುದಿಯಿಲ್ಲ. ಆ ಇಲ್ಲದ ತುದಿಗೆ ಚೆನ್ನಯ್ಯ ಹಗ್ಗದಲ್ಲಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಏರಿಸುತ್ತಿದ್ದಾರೆ. ಡಬ್ಬಿಯೊಳಗೆ ಫೋನು. ಅದರಿಂದ ಇಳಿಬಿದ್ದ ಕೇಬಲ್ಲು ಮರದ ನಡುವಿನ ಅಟ್ಟಣೆಗೆ ಬಂದು, ಅವರ ತೊಡೆಯ ಮೇಲಿನ ಹಳೇ ಲ್ಯಾಪ್‌ಟಾಪ್ ಸೇರುತ್ತದೆ. ಕೆಳಗೆ ನಿಂತು ನೋಡಿದರೆ ಮೈಯಿಲ್ಲದ ಮುಖವೊಂದು ನೀಲಿ ಬೆಳಕಿನಲ್ಲಿ ಮರದ ಮೇಲೆ ಕೂತಿದೆ.

"ಒಂದು ಕಡ್ಡಿ ಬಂತು," ಎನ್ನುತ್ತದೆ ಮುಖ, ಪಿಸುದನಿಯಲ್ಲಿ. ಸಿಗ್ನಲ್ಲಿನ ಕಡ್ಡಿ.

ಐವತ್ತಾರರ ಚೆನ್ನಯ್ಯ ತೋಟದ ಆನೆ ವಾಚರ್. ಮರದ ಎದುರಿಗೇ ಪಿಕ್ಕಿಂಗ್ ಆಳುಗಳ ಲೈನು: ಒಂದೇ ಸಾಲಿನ ಎಂಟು ಮನೆ. ಅಲ್ಲಿ ಸಿಗ್ನಲ್ ಇಲ್ಲ. ಸುತ್ತಲ ತೋಟಗಳ ವಾಚರ್‌ಗಳು ಆನೆ ಎಲ್ಲಿದೆಯೆಂದು ವಾಟ್ಸ್ಯಾಪ್ ಗುಂಪಿನಲ್ಲಿ ಹಾಕುತ್ತಾರೆ. ಅದನ್ನು ಓದದೆ ಹೊರಗೆ ಕಾಲಿಟ್ಟರೆ ಅವರವರ ಹಣೆಬರಹ. ಕೂಗಿ ಹೇಳಬಾರದೇ ಎಂದು ಚೆನ್ನಯ್ಯನವರನ್ನು ಕೇಳುತ್ತೇನೆ. "ಮಂಜಲ್ಲಿ ಕೂಗಿದ್ರೆ ಜನ ಒಳಗೆ ಓಡ್ತಾರೆ ಸರಿ, ಆನೆ ಯಾವ ಕಡೆ ಓಡುತ್ತೆ ಅಂತ ಯಾರು ಹೇಳ್ತಾರೆ?"

ಹಾಗಾಗಿ ಈ ಮೂಕ ಏರ್ಪಾಟು. ಫೋನಿನ ಹಾಟ್‌ಸ್ಪಾಟ್ ಕೆಟ್ಟಿದೆ. ಕೇಬಲ್ ಚುಚ್ಚಿದರೆ ಮಾತ್ರ ಅದು ನೆಟ್ ಬಿಟ್ಟುಕೊಡುತ್ತದೆ. ಆ ನೆಟ್ಟನ್ನು ಲ್ಯಾಪ್‌ಟಾಪ್ ಲೈನಿಗೆ ಹಂಚುತ್ತದೆ. ಮಡಿಕೇರಿಯ ಜೆರಾಕ್ಸ್ ಅಂಗಡಿಯಲ್ಲಿರುವ ಮಗಳು ಚಿತ್ರಾ ಎಲ್ಲ ಜೋಡಿಸಿಕೊಟ್ಟು, ಮನೆಗೊಂದರಂತೆ ಎಂಟು ಫೋನಿಗೆ ಅವರವರ ಹೆಸರು ಹಾಕಿದ್ದಾಳೆ. ಮೊದಲ ಸಲ ಚೆನ್ನಯ್ಯ ಫೋನನ್ನು ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ ಮೇಲೇರಿಸಿ, ಎರಡು ದಿನ ಟವರಿನವರನ್ನು ಬೈದಿದ್ದರಂತೆ.

ಲ್ಯಾಪ್‌ಟಾಪಿನದೊಂದು ಹಟ: ಒಮ್ಮೆಗೆ ಎಂಟೇ ಫೋನು. ಒಂಬತ್ತನೆಯದನ್ನು ಅದು ಸೇರಿಸುವುದಿಲ್ಲ. ಎಂಟು ಮನೆ, ಎಂಟು ಜಾಗ. ಲೆಕ್ಕ ಸರಿಯಾಗಿತ್ತು, ಹೋದ ವರ್ಷದ ಜನವರಿಯ ಒಂದು ಬೆಳಗಿನವರೆಗೆ.

ಅಂದು ತೋಟದ ಲೆಕ್ಕ ಬರೆಯುವ ರೈಟರ್ ಸಿದ್ದರಾಜು ಬೇಗ ಬಂದು, "ಏನೋ ಮೆಸೇಜ್ ನೋಡ್ಬೇಕು, ಎರಡೇ ನಿಮಿಷ" ಎಂದು ತನ್ನ ಫೋನನ್ನೂ ಸೇರಿಸಿದ್ದ. ಕೊನೇ ಮನೆಯ ಜವರಿಗೆ ಜಾಗ ಸಿಗಲಿಲ್ಲ. ನೆಟ್ ಸಿಗದಿದ್ದರೆ ಟಾರ್ಚನ್ನು ಎರಡು ಸಲ ಮಿನುಗಿಸಬೇಕೆಂಬುದು ಲೈನಿನ ಪದ್ಧತಿ. ಜವರಿ ಎರಡು ಸಲ ಮಿನುಗಿಸಿದಳು. ಚೆನ್ನಯ್ಯ ಒಂದು ಸಲ ಮಿನುಗಿಸಿದರು.

"ಒಂದು ಅಂದ್ರೆ ತಾಳು ಅಂತ ನನ್ನ ಲೆಕ್ಕ. ಒಂದು ಅಂದ್ರೆ ದಾರಿ ಸರಿ ಇದೆ, ಹೋಗು ಅಂತ ಅವಳ ಲೆಕ್ಕ. ಅದನ್ನ ನಾವು ಮಾತಾಡ್ಕೊಂಡೇ ಇರ್ಲಿಲ್ಲ."

ನೀರು ಹರಿಯುವ ತೋಡಿನ ಹತ್ತಿರ ಒಂಟಿ ಸಲಗ ನಿಂತಿತ್ತು. ಮಂಜಿನಲ್ಲಿ ಹೊರಟ ಜವರಿಯ ಹೆಣ ಸಿಕ್ಕಿತು. ಸೊಂಟದ ಚೀಲದಲ್ಲಿದ್ದ ಫೋನು ಸಿಗಲಿಲ್ಲ.

ಹದಿನೈದು ದಿನ ಕಳೆದ ಮೇಲೆ, ಇಂಥದೇ ಮಂಜಿನ ಬೆಳಗ್ಗೆ, ಲ್ಯಾಪ್‌ಟಾಪಿಗೆ ಸೇರಿದ ಫೋನುಗಳ ಪಟ್ಟಿಯಲ್ಲಿ ಎಂಟು ಹೆಸರು ಕಾಣಿಸಿತು. ಆಗ ಲೈನಿನಲ್ಲಿ ಜನವಿದ್ದದ್ದು ಏಳೇ ಮನೆಯಲ್ಲಿ. ಎಂಟನೆಯದು ಜವರಿ.

ಫೋನು ಯಾರಿಗಾದರೂ ಸಿಕ್ಕಿರಬಹುದು ಎಂದು ಚಿತ್ರಾ ಬಂದು ಪಾಸ್‌ವರ್ಡ್ ಬದಲಿಸಿದಳು. ಹೊಸದನ್ನು ಚೀಟಿಯಲ್ಲಿ ಬರೆದು ಮನೆ ಮನೆಗೆ ತಾನೇ ಕೊಟ್ಟಳು. ಮೂರನೇ ದಿನ ಹೆಸರು ಮತ್ತೆ ಬಂತು.

"ಲ್ಯಾಪ್‌ಟಾಪ್ ಹಳೇದನ್ನ ನೆನಪಿಟ್ಕೊಂಡಿದೆ, ಅಷ್ಟೇ," ಎಂದ ಸಿದ್ದರಾಜು. ಈಗ ಅವನು ಏಳು ಗಂಟೆಗೆ ಮೊದಲು ಈ ಕಡೆ ಸುಳಿಯುವುದಿಲ್ಲ.

"ನೆನಪಿದ್ರೆ ಹೆಸರು ತೋರಿಸ್ಲಿ ಸರ್," ಎಂದಳಂತೆ ಚಿತ್ರಾ, "ಜಾಗ ಯಾಕೆ ಹಿಡೀಬೇಕು?"

ಆ ಜಾಗದ್ದೇ ತಕರಾರು. ಕೊನೇ ಮನೆಗೆ ಈಗ ಹುಣಸೂರು ಕಡೆಯ ಗಿರಿ, ಬಸುರಿ ಹೆಂಡತಿಯೊಂದಿಗೆ ಬಂದಿದ್ದಾನೆ. ಜವರಿಯ ಹೆಸರು ಬಂದ ದಿನ ಅವನ ಫೋನು ಹೊರಗೇ ಉಳಿಯುತ್ತದೆ. "ಚೆನ್ನಯ್ಯಣ್ಣ, ಇದ್ಯಾವ ನ್ಯಾಯ? ಸತ್ತೋರಿಗೆ ನೆಟ್ಟು, ಬದುಕಿರೋರಿಗೆ ಟಾರ್ಚಾ?" ಎಂದು ಅವನು ಆಡಿಕೊಂಡಿದ್ದುಂಟು. ಎಲ್ಲ ಆರಿಸಿ ಮತ್ತೆ ಹಚ್ಚಿದರೆ ಹೆಸರು ಬಿದ್ದುಹೋಗಬಹುದೆಂದು ಚಿತ್ರಾ ಹೇಳಿಕೊಟ್ಟಿದ್ದಾಳೆ. ಚೆನ್ನಯ್ಯ ಒಮ್ಮೆಯೂ ಹಾಗೆ ಮಾಡಿಲ್ಲ.

"ಒಂದ್ಸಲ ಅವಳನ್ನ ಹೊರಗಿಟ್ಟಿದ್ದೇ ಸಾಕು."

ಇವತ್ತು ಪಟ್ಟಿ ತುಂಬುತ್ತಿದೆ. ತೀರ್ಥಪ್ರಸಾದ್, ಚಿನ್ನ, ಶಾಂತಪ್ಪ... ಏಳು ಹೆಸರು. ಆಮೇಲೆ, ಲೈನಿನ ಯಾವ ಬಾಗಿಲೂ ತೆರೆಯದೆ, ಯಾವ ಬೆಳಕೂ ಹತ್ತದೆ, ಎಂಟನೆಯದು. ಚೆನ್ನಯ್ಯ ಪರದೆಯನ್ನು ನನ್ನತ್ತ ತಿರುಗಿಸುತ್ತಾರೆ, ಮನೆಗೆ ಬಂದವರನ್ನು ಪರಿಚಯಿಸುವ ಹಾಗೆ. ಕೊನೇ ಮನೆಯ ಕಿಟಕಿಯಲ್ಲಿ ಟಾರ್ಚು ಎರಡು ಸಲ ಮಿನುಗುತ್ತದೆ. ಗಿರಿ.

ಚೆನ್ನಯ್ಯನವರ ಸೊಂಟದಲ್ಲೂ ಟಾರ್ಚಿದೆ. ಅವರು ಅದನ್ನು ಮುಟ್ಟುವುದಿಲ್ಲ. ಒಂದು ವರ್ಷದಿಂದ ಅವರು ಯಾವ ಟಾರ್ಚಿಗೂ ಟಾರ್ಚಿನಿಂದ ಉತ್ತರ ಕೊಟ್ಟಿಲ್ಲ. ಲ್ಯಾಪ್‌ಟಾಪನ್ನು ಗೋಣಿಯ ಮೇಲಿಟ್ಟು, ಏಣಿ ಇಳಿದು, ಮಂಜಿನೊಳಗೆ ಹೋಗುತ್ತಾರೆ. ಬಾಗಿಲಿಗೆ ಬೆರಳಿನಿಂದ ತಟ್ಟಿದ ಸದ್ದು. ಆಮೇಲೆ ಮೆಲುದನಿ: "ನಾನೇ ಕಣೋ. ಮೆಸೇಜು ಇನ್ನೂ ಬಂದಿಲ್ಲ. ನಾನು ಮತ್ತೆ ಬಂದು ತಟ್ಟೋವರೆಗೂ ಬಾಗಿಲು ತೆಗೀಬೇಡ."

"ಹೂಂ ಅಣ್ಣಾ," ಒಳಗಿನಿಂದ ಗಿರಿ. ತಮಾಷೆಯಿಲ್ಲ.

ಆರೂಕಾಲಿಗೆ ಗುಂಪಿನಲ್ಲಿ ಮೆಸೇಜು ಬರುತ್ತದೆ: ಒಂಟಿ ಸಲಗ, ತೋಡಿನ ಈಚೆ. ಏಳು ಮನೆಯಲ್ಲಿ ಫೋನುಗಳು ಬೆಳಗುತ್ತವೆ, ಬಾಗಿಲು ತೆರೆಯುವುದಿಲ್ಲ. ಬಿಸಿಲೇರಿ, ಆನೆ ದಾಟಿತೆಂದು ತಿಳಿದ ಮೇಲೆ ನೋಡಿದರೆ ಕೊನೇ ಮನೆಯ ಹಿಂದೆ ಲದ್ದಿ ಇನ್ನೂ ಹಬೆಯಾಡುತ್ತಿದೆ. ಪಟ್ಟಿಯಲ್ಲಿ ಈಗ ಏಳೇ ಹೆಸರು.

"ಅವಳು ಬಂದ ದಿನ ಆನೆನೂ ಬರುತ್ತೆ ಅಂತ ನಾನು ಹೇಳಲ್ಲ," ಎನ್ನುತ್ತಾರೆ ಚೆನ್ನಯ್ಯ, ಹಗ್ಗ ಇಳಿಸುತ್ತ. "ಮಂಜಿದ್ದ ದಿನ ಆನೆ ಹೇಗೂ ಬರುತ್ತೆ."

ಏನಾದರೂ ಬೇಕಿತ್ತೇ ಎಂದು ಕೇಳಿದರೆ ಡಬ್ಬಿ ಒರೆಸಿ ಪಕ್ಕಕ್ಕಿಡುತ್ತಾರೆ.

"ಒಂಬತ್ತು ಫೋನು ಹಿಡಿಸೋ ಲ್ಯಾಪ್‌ಟಾಪ್ ಸಿಗುತ್ತಾ ಅಂತ ಚಿತ್ರಾಗೆ ಕೇಳೋಕೆ ಹೇಳಿದೀನಿ. ಎಂಟು ಮನೆಗೆ ಎಂಟು. ಅವಳಿಗೊಂದು."