ಕೊಡೆ ಬಟ್ಟೆಯ ರೇನ್‌ಕೋಟು

ಚಂದ್ರಾ ಲೇಔಟ್‌ನ ನಮ್ಮ ಬೀದಿಯಲ್ಲಿ ಯಾರ ಮನೆಯ ಕೊಡೆ ಮುರಿದರೂ ಅದು ಕೊನೆಗೆ ಸೇರುತ್ತಿದ್ದದ್ದು ನಮ್ಮ ಕೆಳಗಿನ ಮನೆ ಆಂಟಿಯ ಹೊಲಿಗೆ ಮಿಷನ್ನಿನ ಪಕ್ಕ. ಕಡ್ಡಿಗಳನ್ನೆಲ್ಲ ಕಿತ್ತು, ಬಟ್ಟೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿ, "ಬಟ್ಟೆ ಇನ್ನೂ ಗಟ್ಟಿಯಾಗಿದೆ ಕಣೇ" ಅನ್ನೋರು. ಅಂದರೆ ಅದು ಚೀಲವೋ ಏಪ್ರನ್ನೋ ಆಗುವುದು ಖಂಡಿತ.

ನನಗೆ ಹೊಸ ಕೆಲಸ ಸಿಕ್ಕಾಗ ಅಂಥ ಕೊಡೆಗಳಿಂದಲೇ ಒಂದು ರೇನ್‌ಕೋಟು ಹೊಲಿದುಕೊಟ್ಟರು. ಒಂದು ತೋಳು ಕಪ್ಪು, ಇನ್ನೊಂದು ಚುಕ್ಕೆಯದು. ಟೋಪಿಗೆ ಕೊಡೆಯ ನಡುಭಾಗವನ್ನು ಹಾಗೇ ಇಟ್ಟಿದ್ದರು. ಕೆಲಸದ ಮೊದಲ ದಿನವೇ ಮಳೆ. ಹೊಸಹಳ್ಳಿ ಮೆಟ್ರೋ ತನಕ ನಡೆದೆ. ಮೈಯೆಲ್ಲ ಬೆಚ್ಚಗಿತ್ತು, ನೆತ್ತಿಯಿಂದ ಮಾತ್ರ ನೀರು ಮೂಗಿನ ತುದಿಯವರೆಗೂ ಇಳಿಯುತ್ತಿತ್ತು. ಕೊಡೆಯ ಕೋಲು ಹಾಯುವ ತೂತನ್ನು ಮುಚ್ಚುವುದನ್ನೇ ಆಂಟಿ ಮರೆತಿದ್ದರು!

ಸಂಜೆ ಹೋಗಿ ತೋರಿಸಿದೆ. ತೂತಿನೊಳಗೆ ಬೆರಳು ತೂರಿಸಿ ನೋಡಿದರು.

"ಬೇಕಂತಲೇ ಬಿಟ್ಟಿದ್ದು ಕಣೇ. ಜುಟ್ಟು ಹೊರಗೆ ಹಾಕ್ಕೊಳ್ಳೋಕೆ."

"ನೆತ್ತಿ ಮೇಲೆ ಯಾರು ಆಂಟಿ ಜುಟ್ಟು ಕಟ್ತಾರೆ?"

"ಈಗ ಅದೇ ಫ್ಯಾಷನ್ನು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಂಟಿ ನಗಲಿಲ್ಲ.

ಮುಂದಿನ ವಾರ ಜೋರು ಮಳೆಯಲ್ಲಿ ಆಂಟಿ ತರಕಾರಿ ಗಾಡಿಯ ಮುಂದೆ ನಿಂತಿದ್ದರು, ತಮಗೇ ಹೊಲಿದುಕೊಂಡ ಹೊಸ ಕೋಟು ತೊಟ್ಟು. ಸದಾ ತುರುಬು ಕಟ್ಟುತ್ತಿದ್ದವರ ಟೋಪಿಯ ತೂತಿನಿಂದ ಬೆಂಡೆಕಾಯಿ ಗಾತ್ರದ ಬಿಳಿ ಜುಟ್ಟೊಂದು ಹೊರಗೆ ಬಂದು ತೊಯ್ದು ತೊಪ್ಪೆಯಾಗಿತ್ತು.

"ಏನಾಂಟಿ ಇದು?" ಗಾಡಿಯವನು ಕೇಳಿದ.

"ಫ್ಯಾಷನ್ನು" ಅಂದು ಆಂಟಿ ಜುಟ್ಟಿನ ನೀರು ಹಿಂಡಿ, ಮತ್ತೆ ನೆಟ್ಟಗೆ ನಿಲ್ಲಿಸಿದರು.